ಕನ್ನಡದ ಓದು-ಬರಹ ಮತ್ತು ಅಂತರ್ಜಾಲ: ಉಪಾಧ್ಯಾಯನೋ, ಅಂಚೆಯಣ್ಣನೋ?

ಹೊರನಾಡಿನ ಮನೆಗಳಲ್ಲಿ ಕನ್ನಡವು ಒಂದೇ ಸಲಕ್ಕೆ ಮರೆಯಾಗುವುದಿಲ್ಲ. ಮೊದಲು ಬರವಣಿಗೆ ಹೋಗುತ್ತದೆ, ಅದರ ಹಿಂದೆ ಓದು, ಕಟ್ಟಕಡೆಗೆ ಮಾತು. ಊರಿನ ಅಜ್ಜಿಯೊಡನೆ ಫೋನಿನಲ್ಲಿ ಸರಾಗವಾಗಿ ಹರಟುವ ಮಗು, ಅದೇ ಊರಿನಿಂದ ಬಂದ ಮದುವೆಯ ಕರೆಯೋಲೆಯನ್ನು ಓದಲಾರದೆ ತಾಯಿಯ ಕೈಗೆ ಕೊಡುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಎಲ್ಲಿದ್ದರೂ ಇದು ನಮಗೆಲ್ಲ ಪರಿಚಿತವಾದ ನೋಟವೇ. ಈ ಚಿಂತೆಯನ್ನು ಸಂಘದ ಸಭೆಗಳಲ್ಲಿ ಎತ್ತಿದಾಗಲೆಲ್ಲ ಈಚಿನ ವರ್ಷಗಳಲ್ಲಿ ಒಂದೇ ಸಮಾಧಾನ ಕೇಳಿಬರುತ್ತದೆ: "ಅಂತರ್ಜಾಲ ಇದೆಯಲ್ಲ, ಮಕ್ಕಳು ಅದರಲ್ಲಿಯೇ ಕಲಿಯುತ್ತಾರೆ."

ಈ ಸಮಾಧಾನದಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ಬಿಡಿಸಿ ನೋಡದಿದ್ದರೆ, ಇರುವ ನಾಲ್ಕು ಕನ್ನಡ ತರಗತಿಗಳನ್ನೂ ಕಳೆದುಕೊಂಡೇವು. ಅಂತರ್ಜಾಲವನ್ನು ಉಪಾಧ್ಯಾಯನ ಕುರ್ಚಿಯಲ್ಲಿ ಕೂರಿಸಿದರೆ ಅದು ಮಗುವಿಗೆ ಅಕ್ಷರ ಕಲಿಸಲಾರದು. ಅಂಚೆಯಣ್ಣನ ಕೆಲಸವನ್ನು ವಹಿಸಿದರೆ ಅದರಷ್ಟು ಚೆನ್ನಾಗಿ ಇನ್ನಾರೂ ದುಡಿಯಲಾರರು ಎಂಬುದು ನಮ್ಮ ಅಭಿಪ್ರಾಯ.

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ವರ್ಗಾವಣೆ ಎಂಬುದು ಋತುಮಾನದ ಹಾಗೆ. ಮಕ್ಕಳು ಕೇಂದ್ರೀಯ ವಿದ್ಯಾಲಯದಿಂದ ಕೇಂದ್ರೀಯ ವಿದ್ಯಾಲಯಕ್ಕೆ ಹೋಗುತ್ತಾರೆ. ಅಲ್ಲಿ ಇಂಗ್ಲಿಷು, ಹಿಂದಿ, ಸಂಸ್ಕೃತಗಳಿಗೆ ಪುಸ್ತಕವೂ ಇದೆ, ಮೇಷ್ಟರೂ ಇದ್ದಾರೆ. ಇತರ ಭಾರತೀಯ ಭಾಷೆಯನ್ನು ಕಲಿಯಲು ನಿಗದಿತ ಸಂಖ್ಯೆಯ ಮಕ್ಕಳು ಸೇರಿದರೆ ಅರೆಕಾಲಿಕ ಶಿಕ್ಷಕರನ್ನು ನೇಮಿಸುವ ಅವಕಾಶವುಂಟು. ಆದರೆ ಕರ್ನಾಟಕದಿಂದ ದೂರದ ಊರಿನಲ್ಲಿ ಅಷ್ಟು ಮಂದಿ ಕನ್ನಡದ ಮಕ್ಕಳು ಒಂದೇ ಶಾಲೆಯಲ್ಲಿ ಸಿಗುವುದು ಅಪರೂಪ. ಖಾಸಗಿ ಶಾಲೆಗಳ ಸ್ಥಿತಿ ಇದಕ್ಕಿಂತ ಭಿನ್ನವಲ್ಲ.

ಇದಕ್ಕೆ ಎದುರಾಗಿ ಬೇರೊಂದು ಪರಂಪರೆಯೂ ನಮ್ಮಲ್ಲಿ ಇದೆ. ಕರಾವಳಿಯಿಂದ ಮುಂಬಯಿಗೆ ಬಂದು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಕುಳಿತು ಓದಿ ಮೇಲೆ ಬಂದರು. ಮುಂಬಯಿ ಮಹಾನಗರಪಾಲಿಕೆ ಇಂದಿಗೂ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಕನ್ನಡವು ಅವುಗಳಲ್ಲಿ ಒಂದು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ, ಕೇರಳದ ಕಾಸರಗೋಡು, ಇಲ್ಲೆಲ್ಲ ಕನ್ನಡ ಶಾಲೆಗಳಿವೆ. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗೂ ಪಠ್ಯಪುಸ್ತಕ ಸಿದ್ಧಪಡಿಸುತ್ತದೆ. ದೆಹಲಿಯಲ್ಲಿ ಕನ್ನಡ ಶಾಲೆಯೊಂದು ದಶಕಗಳಿಂದ ನಡೆದುಬಂದಿದೆ. ಇವುಗಳ ಜೊತೆಗೆ ಸಂಘಗಳ ಭಾನುವಾರದ ತರಗತಿಗಳು. ಅಂತರ್ಜಾಲದ ಮಾತನ್ನು ಆಡಬೇಕಾದದ್ದು ಈ ಶಾಲೆ ಮತ್ತು ತರಗತಿಗಳನ್ನು ಮುಂದಿಟ್ಟುಕೊಂಡೇ ಹೊರತು, ಒಬ್ಬೊಂಟಿಯಾಗಿ ತೆರೆಯ ಮುಂದೆ ಕುಳಿತ ಮಗುವನ್ನು ಕಲ್ಪಿಸಿಕೊಂಡು ಅಲ್ಲ.

ಒಬ್ಬೊಂಟಿ ಮಗುವಿನ ಪ್ರಯೋಗವನ್ನು ದೇಶವೇ ಒಮ್ಮೆ ಮಾಡಿ ನೋಡಿದೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಪಾಠವು ವಾಟ್ಸಾಪಿಗೆ ಬಂತು. ಮೇಷ್ಟರು ಪುಟದ ಚಿತ್ರ ಕಳುಹಿಸಿದರು. ಮಗು ಅದನ್ನು ನೋಡಿ ನಕಲು ಮಾಡಿ, ನೋಟುಪುಸ್ತಕದ ಚಿತ್ರವನ್ನು ತಿರುಗಿ ಕಳುಹಿಸಿತು. ಎರಡೂ ಕಡೆಯಿಂದ ಕೆಲಸ ಮುಗಿದಂತೆ ಕಂಡಿತು. ಗ್ರಾಮೀಣ ಭಾರತದ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಅಳೆಯುವ 'ಅಸರ್' ವರದಿಯ ಲೆಕ್ಕ ಬೇರೆಯೇ ಹೇಳಿತು. ಎರಡನೆಯ ತರಗತಿಯ ಮಟ್ಟದ ಪಠ್ಯವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ. 27.3 ಇದ್ದರು, 2022ರಲ್ಲಿ ಶೇ. 20.5ಕ್ಕೆ ಇಳಿದರು. ಶಾಲೆಗಳು ತೆರೆದು ಮಕ್ಕಳು ಮತ್ತೆ ಮೇಷ್ಟರ ಮುಂದೆ ಕುಳಿತ ಮೇಲೆ, 2024ರ ವರದಿಯಲ್ಲಿ ಆ ಪ್ರಮಾಣ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಮರಳಿತು. ಅದೇ ವರದಿ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ: 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅಂದರೆ ಫೋನು ಬಳಸಲು ಬರುವುದಕ್ಕೂ ಓದಲು ಬರುವುದಕ್ಕೂ ನೇರವಾದ ನಂಟಿಲ್ಲ. ಒಂದು ಬೆರಳಿನ ಚುರುಕು. ಇನ್ನೊಂದು ಕಣ್ಣು, ಕಿವಿ, ನಾಲಗೆ, ಕೈಗಳೆಲ್ಲ ಕೂಡಿ ಮಾಡುವ ಕೆಲಸ.

ಕನ್ನಡದ ಮಟ್ಟಿಗೆ ಈ ಕೆಲಸದ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಲಿಪಿ ಉಚ್ಚಾರಣೆಗೆ ಬಹುಮಟ್ಟಿಗೆ ನಿಷ್ಠವಾದದ್ದು. ಇಂಗ್ಲಿಷಿನಂತೆ ಕಾಗುಣಿತವನ್ನು ಪದಪದಕ್ಕೂ ಉರು ಹೊಡೆಯಬೇಕಾಗಿಲ್ಲ. ಆದರೆ ಅದರಲ್ಲಿಯೂ ಮಗುವಿಗೆ ತೊಡರುವ ಗಂಟುಗಳಿವೆ. 'ಮ'ಕ್ಕೂ 'ಯ'ಕ್ಕೂ, 'ಪ'ಕ್ಕೂ 'ಷ'ಕ್ಕೂ, 'ಬ'ಕ್ಕೂ 'ಭ'ಕ್ಕೂ ಇರುವ ವ್ಯತ್ಯಾಸ ಒಂದು ಗೆರೆಯದು. 'ತ', 'ಮ', 'ಯ', 'ರ' ಅಕ್ಷರಗಳ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. 'ಸೂರ್ಯ' ಎನ್ನುವಾಗ ರಕಾರವನ್ನು ಮೊದಲು ನುಡಿಯುತ್ತೇವೆ, ಅದರ ಗುರುತಾದ ಅರ್ಕಾವತ್ತನ್ನು ಕೊನೆಗೆ ಬರೆಯುತ್ತೇವೆ. ಇಂತಹ ಕಡೆಗಳಲ್ಲಿ ಮಗು ನಿಂತುಬಿಡುತ್ತದೆ. ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ಪಕ್ಕದಲ್ಲಿ ಕುಳಿತವರು ಒಂದು ಕ್ಷಣದಲ್ಲಿ ಕಾಣಬಲ್ಲರು. ಮುದ್ರಿತ ಪಾಠದ ವಿಡಿಯೊ ಅದನ್ನು ಕಾಣದೆ ಮುಂದಕ್ಕೆ ಓಡುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತಿರುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಯಿತು. ಅದರಲ್ಲಿ ಮಗು 'ಅ, ಆ, ಇ, ಈ' ಎಂದು ವರ್ಣಮಾಲೆಯನ್ನು ಸಾಲಾಗಿ ಒಪ್ಪಿಸಬೇಕಾಗಿಲ್ಲ. 'ರ, ಗ, ಸ, ದ, ಅ' ಎಂಬ ಐದು ಅಕ್ಷರಗಳು ಕೈಗೆ ಬಂದೊಡನೆ 'ಸರ', 'ಅರಸ', 'ಅಗಸ', 'ಗರಗಸ' ಎಂಬ ಪದಗಳು ಹುಟ್ಟುತ್ತವೆ. ಮೊದಲ ವಾರಗಳಲ್ಲಿಯೇ ಮಗುವಿಗೆ "ನನಗೆ ಓದಲು ಬರುತ್ತದೆ" ಎಂಬ ಧೈರ್ಯ ಬರುತ್ತದೆ. ಗುಂಪುಗಳಲ್ಲಿ ಕುಳಿತು, ಕಾರ್ಡುಗಳನ್ನು ಆಡಿಸಿ, ಮೇಷ್ಟರು ಒಬ್ಬೊಬ್ಬರ ಮೆಟ್ಟಿಲನ್ನು ಗುರುತಿಟ್ಟುಕೊಂಡು ನಡೆಸುವ ಈ ಪದ್ಧತಿಯಿಂದ ಹೊರನಾಡಿನ ಭಾನುವಾರದ ತರಗತಿಗಳು ಪಡೆಯಬೇಕಾದದ್ದು ಬಹಳವಿದೆ. ವಾರಕ್ಕೆ ಒಂದೇ ಗಂಟೆ ಸಿಗುವಲ್ಲಿ ನಲವತ್ತೊಂಬತ್ತು ಅಕ್ಷರ ಮುಗಿಯುವವರೆಗೆ ಒಂದು ಪದವನ್ನೂ ಓದದೆ ಕೂರುವ ಮಗು, ದೀಪಾವಳಿಯ ರಜೆ ಕಳೆದ ಮೇಲೆ ತರಗತಿಗೆ ಮರಳುವುದಿಲ್ಲ.

ಇಷ್ಟು ಹೇಳಿ ಅಂತರ್ಜಾಲವನ್ನು ಬಾಗಿಲಾಚೆ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಅದು ನಿಜವಾಗಿ ಬಲ್ಲ ಕೆಲಸಗಳು ಎರಡು: ದೂರದ ಪುಸ್ತಕವನ್ನು ಹತ್ತಿರ ತರುವುದು, ಹತ್ತಿರದ ಮಾತನ್ನು ದೂರಕ್ಕೆ ಒಯ್ಯುವುದು.

ಪುಸ್ತಕದ ಮಾತನ್ನು ಮೊದಲು ತೆಗೆದುಕೊಳ್ಳೋಣ. ನಾಗಪುರದಲ್ಲೋ ವಿಶಾಖಪಟ್ಟಣದಲ್ಲೋ ಕನ್ನಡದ ಮಕ್ಕಳ ಪುಸ್ತಕ ಬೇಕೆಂದರೆ ಒಂದು ಕಾಲದಲ್ಲಿ ಊರಿನಿಂದ ಬರುವ ನೆಂಟರ ಚೀಲವೇ ಗತಿಯಾಗಿತ್ತು. ಇಂದು ಕರ್ನಾಟಕದ ಪಠ್ಯಪುಸ್ತಕಗಳೂ ಬಾಲಭಾರತಿಯ ಕನ್ನಡ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಚಿತ್ರಕಥೆಗಳಿವೆ. ಅವುಗಳನ್ನು ಇಳಿಸಿಕೊಂಡು ಮುದ್ರಿಸಿ ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ. ಹೊರನಾಡಿನ ಮಗುವಿಗೆ ಇಲ್ಲಿ ವಿಶೇಷವಾದ ಲಾಭವೊಂದಿದೆ. ಅದೇ ಕಥೆ, ಅದೇ ಚಿತ್ರ, ಹಲವು ಭಾಷೆಗಳಲ್ಲಿ ಸಿಗುತ್ತದೆ. ಪುಣೆಯ ಮಗು ಶಾಲೆಯಲ್ಲಿ ಮರಾಠಿ ಓದಲು ಕಲಿತಿದೆ. ಚೆನ್ನೈಯ ಮಗು ತಮಿಳು ಕಲಿತಿದೆ. ಮರಾಠಿಯಲ್ಲಿ ಓದಿ ಅರ್ಥ ಮಾಡಿಕೊಂಡ ಕಥೆಯನ್ನು ಕನ್ನಡದಲ್ಲಿ ಕೈಗೆತ್ತಿಕೊಂಡಾಗ ಕಥೆಯ ಭಾರ ಇಳಿದಿರುತ್ತದೆ, ಅಕ್ಷರದ ಭಾರವಷ್ಟೇ ಉಳಿದಿರುತ್ತದೆ. ಸುತ್ತಲಿನ ಭಾಷೆ ಕನ್ನಡಕ್ಕೆ ಶತ್ರು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಓದಿನ ಮಟ್ಟಿಗೆ ಅದು ಊರುಗೋಲೂ ಆಗಬಲ್ಲದು.

ಹಾಗೆ ತಂದ ಪುಸ್ತಕವನ್ನು ಕಾಗದದ ಮೇಲೆ ಇಳಿಸಿ ಕೊಡಬೇಕೆಂಬುದು ನಮ್ಮ ಆಗ್ರಹ. ಫೋನು ಅಪ್ಪನದು, ಅದು ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ, ಕಥೆಯ ನಡುವೆ ಕರೆ ಬರುತ್ತದೆ. ಹದಿನಾರು ಪುಟದ ಕಾಗದದ ಪುಸ್ತಕವಾದರೆ ಮಗುವಿನ ದಿಂಬಿನಡಿಯಲ್ಲಿ ಇರುತ್ತದೆ. ತಮ್ಮನಿಗೂ ತಂಗಿಗೂ ದಾಟುತ್ತದೆ.

ಎರಡನೆಯದು ಬರವಣಿಗೆ. ಶಾಲೆಯಲ್ಲಿ ಬರವಣಿಗೆ ಎಂದರೆ ಇಂದಿಗೂ ಬಹುಮಟ್ಟಿಗೆ ನಕಲು, ಉಕ್ತಲೇಖನ, ಪ್ರಶ್ನೋತ್ತರ. ಮಗು ಬರೆದದ್ದನ್ನು ಓದುವವರು ಒಬ್ಬರೇ, ಅವರು ಓದುವುದೂ ತಪ್ಪು ಹುಡುಕುವುದಕ್ಕೆ. 'ನನ್ನ ನೆಚ್ಚಿನ ಹಬ್ಬ' ಎಂಬ ಪ್ರಬಂಧವನ್ನು ತನ್ನ ನೆಚ್ಚಿನ ಹಬ್ಬ ಯಾವುದೆಂದು ಈಗಾಗಲೇ ಬಲ್ಲ ಮೇಷ್ಟರಿಗೆ ಬರೆದು ಒಪ್ಪಿಸುವ ಮಗುವಿಗೆ, ಬರವಣಿಗೆಯಿಂದ ಲೋಕದಲ್ಲಿ ಏನಾದರೂ ಆಗುತ್ತದೆ ಎಂಬ ಅನುಭವವೇ ಬರುವುದಿಲ್ಲ. ಹೊರನಾಡಿನ ಮಗುವಿಗಂತೂ ಕನ್ನಡದಲ್ಲಿ ಬರೆಯುವ ಅಗತ್ಯವೇ ಇಲ್ಲ. ಮಾತನಾಡಲು ಅಜ್ಜಿಯಿದ್ದಾಳೆ, ಬರೆಯಲು ಯಾರಿದ್ದಾರೆ?

ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ಫ್ರಾನ್ಸಿನ ಹಳ್ಳಿಯ ಮೇಷ್ಟರೊಬ್ಬರು ಉತ್ತರ ಹುಡುಕಿದರು. ಅವರ ಹೆಸರು ಸೆಲೆಸ್ತ್ಯಾಂ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ಗಂಟೆಗಟ್ಟಲೆ ನಿಂತು ಪಾಠ ಹೇಳಲು ಅವರಿಗೆ ಉಸಿರು ಸಾಲುತ್ತಿರಲಿಲ್ಲ. 1924ರ ಸುಮಾರಿಗೆ ಅವರು ತಮ್ಮ ತರಗತಿಗೆ ಒಂದು ಪುಟ್ಟ ಮುದ್ರಣಯಂತ್ರವನ್ನು ತಂದರು. ಮಕ್ಕಳು ತಾವು ಕಂಡದ್ದನ್ನು ಹೇಳಿದರು, ಎಲ್ಲರೂ ಕೂಡಿ ತಿದ್ದಿದರು, ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕಿದರು. ಆ ಪುಟಗಳನ್ನು ದೇಶದ ಇನ್ನೊಂದು ತುದಿಯ ಬ್ರಿಟನಿ ಪ್ರಾಂತದ ಶಾಲೆಯೊಂದಕ್ಕೆ ಅಂಚೆಯಲ್ಲಿ ಕಳುಹಿಸಿದರು. ಅಲ್ಲಿಂದಲೂ ಪುಟಗಳು ಬಂದವು. ಬೆಟ್ಟದ ಮಕ್ಕಳು ಕಡಲಿನ ಮಕ್ಕಳಿಗೆ ಬರೆದರು. ಮೊಳೆ ತಪ್ಪಿದರೆ ದೂರದ ಗೆಳೆಯನಿಗೆ ಅರ್ಥವಾಗದು ಎಂಬ ಕಾರಣಕ್ಕೆ ಕಾಗುಣಿತದ ಮೇಲೆ ನಿಗಾ ತಾನಾಗಿಯೇ ಬಂತು. ಫ್ರೆನೆಯವರಿಗೆ ಬೇಕಾಗಿದ್ದ ಯಂತ್ರ ಮತ್ತು ಅಂಚೆ ಎರಡೂ ಇಂದು ನಮ್ಮ ಹಲವು ಶಾಲೆಗಳ ಕಚೇರಿಗಳಲ್ಲಿ ಕುಳಿತಿವೆ. ಶುಲ್ಕದ ರಸೀತಿ ಮತ್ತು ಹಾಜರಾತಿಯ ಪಟ್ಟಿಗಳಿಗೆ ಅವನ್ನು ಮೀಸಲಿಟ್ಟಿದ್ದಾರೆ ಅಷ್ಟೆ.

ಆದ್ದರಿಂದ ನಮ್ಮ ಸಲಹೆ ಸರಳವಾದದ್ದು. ಹೊರನಾಡಿನ ಒಂದು ಕನ್ನಡ ತರಗತಿ, ಒಳನಾಡಿನ ಒಂದು ತರಗತಿಯೊಡನೆ ಒಂದು ವರ್ಷದ ಮಟ್ಟಿಗೆ ಪತ್ರವ್ಯವಹಾರ ಇಟ್ಟುಕೊಳ್ಳಲಿ. ತಿಂಗಳಿಗೆ ಒಂದು ಪತ್ರ ಸಾಕು. ಅದನ್ನು ತರಗತಿಯೆಲ್ಲ ಕೂಡಿ ಬರೆಯಬೇಕು: ಮಕ್ಕಳು ಹೇಳಿದ್ದನ್ನು ಮೇಷ್ಟರು ಹಲಗೆಯ ಮೇಲೆ ಬರೆಯುವುದು, ಮಕ್ಕಳೇ ತಿದ್ದುವುದು, ಒಬ್ಬರು ದುಂಡಾಗಿ ಕಾಗದದ ಮೇಲೆ ಇಳಿಸುವುದು, ಇನ್ನೊಬ್ಬರು ಗಣಕದಲ್ಲಿ ಟೈಪು ಮಾಡುವುದು. ಮೇಷ್ಟರ ಮಿಂಚಂಚೆಯಿಂದ ಮೇಷ್ಟರ ಮಿಂಚಂಚೆಗೆ ಅದು ಹೋಗಲಿ. ಮರುಕ್ಷಣವೇ ಮುಟ್ಟುತ್ತದೆ, ಆದರೆ ಉತ್ತರಕ್ಕೆ ಎರಡು ವಾರ ಕಾಯಿಸುವುದು ಒಳ್ಳೆಯದು. ಕಾಯುವ ಮಗು ಓದುವ ಆತುರದಿಂದ ಕಾಯುತ್ತದೆ.

ಏನು ಬರೆಯುವುದು? ಇನ್ನೊಂದು ಕಡೆಯವರಿಗೆ ನಿಜವಾಗಿಯೂ ಗೊತ್ತಿಲ್ಲದ್ದನ್ನು. ಅಂಧೇರಿಯ ಮಗು ಲೋಕಲ್ ರೈಲಿನಲ್ಲಿ ಬಾಗಿಲ ಬಳಿ ನಿಲ್ಲುವ ವಿಧಾನವನ್ನು ಬರೆಯಲಿ. ಸೇಡಂ ತಾಲೂಕಿನ ಮಗು ತೊಗರಿಯ ರಾಶಿಯನ್ನು ಬರೆಯಲಿ. ಮೊದಲ ಪತ್ರಗಳಲ್ಲಿಯೇ ಭಾಷೆಯ ಒಂದು ಹಬ್ಬ ಆರಂಭವಾಗುತ್ತದೆ. ಮೈಸೂರಿನ ಕಡೆಯವರು 'ಈರುಳ್ಳಿ' ಎಂದು ಬರೆದರೆ ಕಲಬುರಗಿಯಿಂದ 'ಉಳ್ಳಾಗಡ್ಡಿ' ಬರುತ್ತದೆ, ಮಂಗಳೂರಿನ ಮೂಲದ ಮುಂಬಯಿ ಮಗು 'ನೀರುಳ್ಳಿ' ಎನ್ನುತ್ತದೆ. 'ಕಡಲೆಕಾಯಿ', 'ಶೇಂಗಾ', 'ನೆಲಗಡಲೆ' ಒಂದೇ ಎಂಬುದನ್ನು ಪಠ್ಯಪುಸ್ತಕ ಯಾವ ಪಾಠದಲ್ಲಿಯೂ ಹೇಳಿಕೊಡಲಾರದು. ಗೋಡೆಯ ಮೇಲೆ ಒಂದು ಪದಗಳ ಪಟ್ಟಿ ಬೆಳೆಯಲಿ. ತನ್ನ ಮನೆಯ ಕನ್ನಡ 'ತಪ್ಪು ಕನ್ನಡ'ವೆಂದು ನಾಚುತ್ತಿದ್ದ ಹೊರನಾಡಿನ ಮಗುವಿಗೆ, ಕನ್ನಡ ಒಂದೇ ಬಗೆಯದಲ್ಲ ಎಂಬ ಅರಿವು ಬರುವುದು ಇಂತಹ ಪಟ್ಟಿಯಿಂದ.

ಟೈಪು ಮಾಡುವ ವಿಧಾನದ ಬಗೆಗೆ ಒಂದು ಮಾತು ಅಗತ್ಯ. ಇಂದು ಫೋನಿನಲ್ಲಿ ಕನ್ನಡ ಬರೆಯುವ ಬಹುಮಂದಿ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡವನ್ನು ಪಡೆಯುತ್ತಾರೆ. ಅಕ್ಷರ ಬಲ್ಲ ದೊಡ್ಡವರಿಗೆ ಅದು ಅನುಕೂಲ. ಕಲಿಯುವ ಮಗುವಿಗೆ ಅದು ಅಡ್ಡದಾರಿ. ಇಂಗ್ಲಿಷ್ ಲಿಪಿಯಲ್ಲಿ 'ಹಳ್ಳಿ'ಗೂ 'ಹಲ್ಲಿ'ಗೂ, 'ಬೆಲೆ'ಗೂ 'ಬೆಳೆ'ಗೂ ಭೇದವಿಲ್ಲ. ಯಂತ್ರ ತೋರಿಸಿದ ಮೊದಲ ಪದವನ್ನು ಮಗು ಆರಿಸಿಕೊಳ್ಳುತ್ತದೆ. ಅಜ್ಜಿಯ ಹಳ್ಳಿಗೆ ಹೋದೆ ಎನ್ನಲು ಹೊರಟು ಅಜ್ಜಿಯ ಹಲ್ಲಿಗೆ ಹೋಗುತ್ತದೆ. 'ಸೂರ್ಯ'ದ ಅರ್ಕಾವತ್ತು ಸಿದ್ಧವಾಗಿ ಬರುವುದರಿಂದ ಅದರ ಗಂಟು ಮಗುವಿಗೆ ಎದುರಾಗುವುದೇ ಇಲ್ಲ.

ಇದಕ್ಕೆ ಬದಲಾಗಿ ಕನ್ನಡದ ಕೀಲಿಮಣೆಯನ್ನೇ ಕಲಿಸಬೇಕು. ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿಕೊಂಡ ವಿನ್ಯಾಸವಿದೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಹಿಂದಿಗೆ ಬಳಸುವ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಇದೆ. ಎರಡರಲ್ಲಿಯೂ ಅಕ್ಷರಗಳು ಕೂಡುವ ಕ್ರಮವನ್ನು ಮಗು ತನ್ನ ಬೆರಳಿನಿಂದಲೇ ಅರಿಯುತ್ತದೆ: ರಕಾರ ಒತ್ತಿ, ಅರ್ಧಾಕ್ಷರದ ಕೀಲಿ ಒತ್ತಿ, ಯಕಾರ ಒತ್ತಿದರೆ 'ರ್ಯ' ಮೂಡುತ್ತದೆ. ನುಡಿಯುವ ಕ್ರಮ, ಒತ್ತುವ ಕ್ರಮ ಎರಡೂ ಒಂದೇ. ಇನ್‌ಸ್ಕ್ರಿಪ್ಟಿನಲ್ಲಿ ಹೊರನಾಡಿನವರಿಗೆ ಇನ್ನೂ ಒಂದು ಅನುಕೂಲವುಂಟು. ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ. ಕ-ಖ, ಗ-ಘ ಜೋಡಿಗಳು ಒಂದೇ ಕೀಲಿಯಲ್ಲಿ. ಕನ್ನಡದ 'ಕ' ಇರುವಲ್ಲಿಯೇ ಮರಾಠಿಯ, ಹಿಂದಿಯ, ತೆಲುಗಿನ 'ಕ' ಕೂಡ ಇರುತ್ತದೆ. ಒಮ್ಮೆ ಕಲಿತ ಮಗು, ತಂದೆಗೆ ಯಾವ ಊರಿಗೆ ವರ್ಗವಾದರೂ ಆ ಊರಿನ ಲಿಪಿಯನ್ನು ಅದೇ ಬೆರಳುಗಳಿಂದ ಬರೆಯಬಲ್ಲದು.

ಇದಕ್ಕೆ ಬರಬಹುದಾದ ಆಕ್ಷೇಪಗಳು ನಮಗೆ ಕಾಣದೆ ಇಲ್ಲ. ಪಠ್ಯ ಮುಗಿಸಲೇ ಸಮಯವಿಲ್ಲ, ಪತ್ರಕ್ಕೆ ಎಲ್ಲಿಂದ ತರುವುದು ಎಂದು ಮೇಷ್ಟರು ಕೇಳಬಹುದು. ಪತ್ರಲೇಖನ ಹೇಗಿದ್ದರೂ ಪಠ್ಯಕ್ರಮದಲ್ಲಿ ಇದೆ. 'ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ' ಬರೆಯುವ ಕಾಲ್ಪನಿಕ ಪತ್ರದ ಜಾಗದಲ್ಲಿ ನಿಜವಾದ ಪತ್ರವೊಂದು ಬಂದರೆ ಸಾಕು. ಮಕ್ಕಳ ಹೆಸರು, ಭಾವಚಿತ್ರ ಅಂತರ್ಜಾಲದಲ್ಲಿ ಹರಡುವ ಭಯ ಸಕಾರಣವಾದದ್ದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯೂ ಹದಿನೆಂಟರ ಒಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ. ಆದ್ದರಿಂದಲೇ ಮೇಷ್ಟರಿಂದ ಮೇಷ್ಟರಿಗೆ ಎಂದೆವು. ಯಾವ ಪತ್ರವೂ ಸಾರ್ವಜನಿಕವಾಗಿ ಪ್ರಕಟವಾಗಬೇಕಾಗಿಲ್ಲ. ಮಾತನಾಡಿದರೆ ಯಂತ್ರವೇ ಬರೆದುಕೊಳ್ಳುವ ಕಾಲದಲ್ಲಿ ಈ ಕಷ್ಟವೇಕೆ ಎಂದು ಕೇಳುವವರೂ ಇದ್ದಾರೆ. ಯಂತ್ರ ಬರೆದದ್ದು ಸರಿಯೇ ಎಂದು ನೋಡಲಾದರೂ ಓದಲು ಬರಬೇಕು. ಓದಲಾರದವನ ಪರವಾಗಿ ಬರೆಯುವ ಯಂತ್ರ, ಹೆಬ್ಬೆಟ್ಟಿನ ಮೇಲ್ಗಡೆ ಬೇರೆ ಯಾರೋ ಬರೆದ ದಸ್ತಾವೇಜಿನ ಹಾಗೆ.

ಕೊನೆಯದಾಗಿ, ಖರ್ಚಿನ ಮಾತು. ಬೇಕಾದದ್ದು ಒಂದು ಗಣಕಯಂತ್ರ, ಒಂದು ಪ್ರಿಂಟರು, ತಿಂಗಳಿಗೆ ಒಂದಿಷ್ಟು ಕಾಗದ ಮತ್ತು ಶಾಯಿ, ತರಗತಿ ನಡೆಸುವ ಶಿಕ್ಷಕಿಗೆ ಗೌರವಯುತವಾದ ಸಂಭಾವನೆ. ಇವುಗಳಲ್ಲಿ ಕೊನೆಯದನ್ನೇ ನಮ್ಮ ಸಂಘಗಳು ಮೊದಲು ಕಡಿತಗೊಳಿಸುತ್ತವೆ. ರಾಜ್ಯೋತ್ಸವದ ಒಂದು ಸಂಜೆಯ ಶಾಲು, ಹಾರ, ಫಲಕಗಳ ಲೆಕ್ಕವನ್ನು ಬಲ್ಲ ಯಾವ ಖಜಾಂಚಿಯೂ ಹಣವಿಲ್ಲವೆಂದು ಹೇಳಲಾರರು. ಅಂತರ್ಜಾಲ ಉಚಿತವಾಗಿ ಕಲಿಸುತ್ತದೆ ಎಂಬ ನಂಬಿಕೆ ಹಿತವಾದದ್ದು ಏಕೆಂದರೆ ಅದು ಶಿಕ್ಷಕಿಯ ಸಂಬಳವನ್ನು ಉಳಿಸುತ್ತದೆ. ನಾವು ವಿರೋಧಿಸಬೇಕಾದದ್ದು ಆ ಉಳಿತಾಯವನ್ನು.

ದೆಹಲಿಯ ಶಾಲೆಗಳು ಏಪ್ರಿಲಿನಲ್ಲಿ, ಮುಂಬಯಿಯವು ಜೂನಿನಲ್ಲಿ ಹೊಸ ವರ್ಷವನ್ನು ಆರಂಭಿಸುತ್ತವೆ. ಅದಕ್ಕೆ ಮುನ್ನ ಈ ಬಳಗದ ಓದುಗರು ತಮ್ಮ ತಮ್ಮ ಊರಿನ ಒಂದು ಕನ್ನಡ ತರಗತಿಯನ್ನು ಕಂಡು, ಅದರ ಶಿಕ್ಷಕಿಯನ್ನು ಮಾತನಾಡಿಸಿ, ತಾವು ಹುಟ್ಟಿದ ಊರಿನ ಶಾಲೆಯ ಮೇಷ್ಟರ ವಿಳಾಸವನ್ನು ಅವರಿಗೆ ಕೊಡಬಹುದು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಅಂತಹ ಒಂದು ಊರು ಇದೆ, ಅಲ್ಲೊಂದು ಶಾಲೆ ಇದೆ. ಎರಡನ್ನೂ ಬಲ್ಲವರು ನಾವೇ ಆದ್ದರಿಂದ, ಮೊದಲ ಪರಿಚಯವನ್ನು ಮಾಡಿಸಬೇಕಾದವರೂ ನಾವೇ. ಆಮೇಲಿನ ಪತ್ರಗಳನ್ನು ಮಕ್ಕಳು ಬರೆದುಕೊಳ್ಳುತ್ತಾರೆ.